ಎರಡು ಧರ್ಮಕೇಂದ್ರ, ಒಂದು ಪಾಸ್ಖ ಜಾಗರಣೆ

ರಟ್ಟೀಹಳ್ಳಿ ಕಡೆಯ ಕಥೋಲಿಕರಿಗೆ ತಮ್ಮ ಬಿಷಪರ ಊರಿಗಿಂತ ಪಕ್ಕದ ಬಿಷಪರ ಸೀಮೆಯೇ ಹತ್ತಿರ. ರಟ್ಟೀಹಳ್ಳಿ ಇರುವ ಹಾವೇರಿ ಜಿಲ್ಲೆ 1953ರಲ್ಲಿ ರಚನೆಯಾದ ಬೆಳಗಾವಿ ಧರ್ಮಕ್ಷೇತ್ರಕ್ಕೆ ಸೇರಿದ್ದು. ಕುಮುದ್ವತಿಯ ಗುಂಟ ಮೇಲಕ್ಕೆ ಹೋದರೆ ಶಿಕಾರಿಪುರ, ತುಂಗಭದ್ರೆ ದಾಟಿದರೆ ಹರಿಹರ. ಇವೆರಡೂ 1988ರಲ್ಲಿ ಹುಟ್ಟಿದ ಶಿವಮೊಗ್ಗ ಧರ್ಮಕ್ಷೇತ್ರದವು. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಹೊರಟ ಭಕ್ತರು ಗಡಿ ಕೇಳುವುದಿಲ್ಲ. ಗಡಿ ಎದುರಾಗುವುದು ಮದುವೆ ಕಾಗದ ಮಾಡಿಸುವಾಗ, ಪೂಜೆಯ ವೇಳೆ ಗೊತ್ತುಮಾಡುವಾಗ.

ನೆರೆಯ ಧರ್ಮಕೇಂದ್ರಗಳ ಸಹಕಾರ ಎಂದರೆ ಯುವಜನರ ಕ್ರಿಕೆಟ್ ಪಂದ್ಯ, ಗಾಯನ ಸ್ಪರ್ಧೆ ಎಂದೇ ಬಹಳ ಜನ ತಿಳಿದಿದ್ದಾರೆ. ಪಾಲನಾ ಪರಿಷತ್ತಿಗೆ ಬರುವ ಮುಂಚೆ ನಾನೂ ಹಾಗೇ ತಿಳಿದಿದ್ದೆ. ನಿಜವಾದ ಬಿಕ್ಕಟ್ಟು ಭಾನುವಾರದ್ದು. 1983ರ ಚರ್ಚ್ ಕಾನೂನು ಸಂಹಿತೆಯ ಪ್ರಕಾರ ಗುರುಗಳು ಸಾಮಾನ್ಯವಾಗಿ ದಿನಕ್ಕೆ ಒಂದೇ ಪೂಜೆ ಅರ್ಪಿಸಬೇಕು. ಗುರುಗಳ ಕೊರತೆಯಿದ್ದಲ್ಲಿ ಬಿಷಪರ ಅನುಮತಿಯಿಂದ ಎರಡು, ಭಾನುವಾರ ಮತ್ತು ಕಡ್ಡಾಯ ಹಬ್ಬಗಳಂದು ಅನಿವಾರ್ಯವಾದರೆ ಮೂರು. ಚರ್ಚು, ಕಾನ್ವೆಂಟು, ಎರಡು ಉಪಕೇಂದ್ರ ಸೇರಿದರೆ ಲೆಕ್ಕ ನಾಲ್ಕಕ್ಕೆ ಮುಟ್ಟುತ್ತದೆ. ಆಗ ಪಕ್ಕದ ಊರಿನ ಫಾದರ್ ಬೇಕೇ ಬೇಕು.

ಈ ತೊಂದರೆಗೆ ಹಳೆಯ ಮದ್ದೂ ಇದೆ. 16ನೇ ಶತಮಾನದಲ್ಲಿ ಮಿಲಾನಿನ ಆರ್ಚ್‌ಬಿಷಪ್ ಚಾರ್ಲ್ಸ್ ಬೊರೊಮಿಯೊ ತಮ್ಮ ಕ್ಷೇತ್ರದ ಕೇಂದ್ರಗಳನ್ನು ಗುಂಪು ಮಾಡಿ, ಪ್ರತಿ ಗುಂಪಿನ ಮೇಲುಸ್ತುವಾರಿಗೆ ಒಬ್ಬ ಗುರುವನ್ನು ನೇಮಿಸಿದ್ದರು. ಇಂದಿನ ಡೀನರಿಯೂ ಅದೇ ಬಗೆಯದು. ಡೀನ್ ಆದವರು ಸಭೆ ಕರೆದರೆ ಸಾಲದು. ವಲಯದ ಗುರುವೊಬ್ಬರು ಹಾಸಿಗೆ ಹಿಡಿದರೆ ಅವರ ಆರೈಕೆ ನೋಡಿಕೊಳ್ಳಬೇಕು, ತೀರಿಕೊಂಡರೆ ಅಂತ್ಯಕ್ರಿಯೆ ಗೌರವದಿಂದ ನಡೆಯಬೇಕು, ಅವರ ಕೇಂದ್ರದ ದಾಖಲೆ ಪುಸ್ತಕಗಳು ಕಳೆಯದಂತೆ ಕಾಯಬೇಕು ಎಂದು ಸಂಹಿತೆಯ 555ನೇ ವಿಧಿ ಹೇಳುತ್ತದೆ.

ಎರಡು ಕೇಂದ್ರಗಳ ಸಂಬಂಧ ಪರೀಕ್ಷೆಗೆ ಬೀಳುವುದು ಪವಿತ್ರ ವಾರದಲ್ಲಿ. ಪಾಸ್ಖ ಜಾಗರಣೆ ಕತ್ತಲಾದ ಮೇಲೆಯೇ ಶುರುವಾಗಬೇಕು; ಒಬ್ಬ ಗುರು ಎರಡು ಊರಿನಲ್ಲಿ ಅದನ್ನು ನಡೆಸುವುದು ಕಷ್ಟ. ಒಬ್ಬರೇ ಗುರು ಇರುವ ಸಣ್ಣ ಕೇಂದ್ರಗಳು ಸಾಧ್ಯವಾದಷ್ಟೂ ಮುಖ್ಯ ಚರ್ಚೊಂದರಲ್ಲಿ ಕೂಡಲಿ ಎಂದು ರೋಮ್ 1988ರಲ್ಲೇ ಸುತ್ತೋಲೆ ಕಳಿಸಿತ್ತು. ಸುತ್ತೋಲೆ ಹೇಳದ ಸಂಗತಿಗಳು ಹಳ್ಳಿಯವು. ರಾತ್ರಿ ಪೂಜೆ ಮುಗಿಯುವ ಹೊತ್ತಿಗೆ ಕೊನೆಯ ಬಸ್ ಹೋಗಿರುತ್ತದೆ. ಮುದುಕರು, ಮಕ್ಕಳು ಬಾಡಿಗೆ ಕ್ರೂಸರಿನಲ್ಲಿ ಒತ್ತೊತ್ತಾಗಿ ಕೂತು ಬರುತ್ತಾರೆ. ಬಂದವರು ಹಿಂದಿನ ಬೆಂಚಿನಲ್ಲಿ ಕೂತು, ಪರಿಚಯವಿಲ್ಲದ ರಾಗಕ್ಕೆ ತುಟಿ ಅಲ್ಲಾಡಿಸಿ ಹೋಗುವಂತಾದರೆ ಮರುವರ್ಷ ಕ್ರೂಸರ್ ಅರ್ಧ ಖಾಲಿ. ಹೀಗೆ ಖಾಲಿಯಾದದ್ದನ್ನು ನಾನು ನೋಡಿದ್ದೇನೆ.

ದಾರಿ ತೋರಿಸಿದ್ದು ಜಾಗರಣೆಯ ವಿಧಿಯೇ. ಅಂದು ಓದಲು ಒಂಬತ್ತು ವಾಚನಗಳಿವೆ: ಹಳೆಯ ಒಡಂಬಡಿಕೆಯಿಂದ ಏಳು, ಹೊಸದರಿಂದ ಎರಡು. ಕೆಲವನ್ನು ಬಿಡಬಹುದು, ಆದರೆ ಇಸ್ರಯೇಲರು ಸಮುದ್ರ ದಾಟಿದ ವಿಮೋಚನಾಕಾಂಡದ ಭಾಗವನ್ನು ಬಿಡುವಂತಿಲ್ಲ. ನಮ್ಮ ಎರಡು ಕೇಂದ್ರಗಳು ಕೂಡಿದಾಗ ಮೊದಲೆಲ್ಲ ಓದುವವರು ದೊಡ್ಡ ಕೇಂದ್ರದವರೇ. ಆಮೇಲೆ ವಾಚನಗಳನ್ನು ಎರಡೂ ಕಡೆಯವರಿಗೆ ಹಂಚಲಾಯಿತು, ಸಮುದ್ರ ದಾಟಿದ ಭಾಗ ಸಣ್ಣ ಕೇಂದ್ರದ ಪಾಲಿಗೆ ಬಂತು. ಕೊಂಕಣಿ ಮನೆಮಾತಿನವರು ಒಂದೆರಡು ಹಾಡು ತಮ್ಮದಿರಲಿ ಎಂದರು. ಕನ್ನಡದ ಗಾಯಕವೃಂದ ಒಪ್ಪಿತು. ಶುಭ ಶುಕ್ರವಾರ ಬೆಳಗಿನ ಶಿಲುಬೆ ಹಾದಿಯನ್ನು ಸಣ್ಣ ಊರಿಗೇ ಬಿಟ್ಟುಕೊಟ್ಟು, ದೊಡ್ಡ ಊರಿನವರೇ ಅಲ್ಲಿಗೆ ಹೋದರು. ಆ ದಿನ ನೀರು, ನೆರಳಿನ ಏರ್ಪಾಡು ಮಾಡಿದವರು ಸಣ್ಣ ಊರಿನ ಹೆಂಗಸರು. ತಾವು ಬರೀ ಅತಿಥಿಗಳಲ್ಲ ಎಂಬುದು ಅವರ ಓಡಾಟದಲ್ಲೇ ಕಾಣುತ್ತಿತ್ತು.

ಹಬ್ಬದ ಸಹಕಾರ ಕಣ್ಣಿಗೆ ಬೀಳುತ್ತದೆ, ಕಾಗದದ್ದು ಬೀಳುವುದಿಲ್ಲ. ಹಾವೇರಿ ಕಡೆಯ ಹುಡುಗಿ ಶಿಕಾರಿಪುರ ಕಡೆಯ ಹುಡುಗನನ್ನು ಮದುವೆಯಾದರೆ, ಮದುವೆ ಅಲ್ಲಿಯೇ ನಡೆದರೂ, ಸುದ್ದಿ ಅವಳು ಸ್ನಾನದೀಕ್ಷೆ ಪಡೆದ ಕೇಂದ್ರಕ್ಕೆ ಬರಬೇಕು. ಅಲ್ಲಿ ಅವಳ ಹೆಸರಿರುವ ಪುಟದಲ್ಲಿ ಮದುವೆಯ ಟಿಪ್ಪಣಿ ಬೀಳಬೇಕು. ಪತ್ರ ಹೋಗದಿದ್ದರೆ ಆ ರಿಜಿಸ್ಟರಿನಲ್ಲಿ ಅವಳು ಅವಿವಾಹಿತೆಯಾಗಿಯೇ ಉಳಿಯುತ್ತಾಳೆ. ವರ್ಷಗಳ ನಂತರ ಯಾವುದೋ ಪ್ರಮಾಣಪತ್ರಕ್ಕೆಂದು ಬಂದ ಕುಟುಂಬ ಎರಡೂ ಊರಿಗೆ ಅಲೆದದ್ದುಂಟು. ಈಗ ಎರಡೂ ಕಡೆಯ ಕಚೇರಿಯವರು ಪತ್ರ ಕಳಿಸಿ ಸುಮ್ಮನಾಗುವುದಿಲ್ಲ. ಟಿಪ್ಪಣಿ ಬಿತ್ತೇ ಎಂದು ಫೋನು ಮಾಡಿ ಕೇಳುತ್ತಾರೆ.

ಇಷ್ಟೆಲ್ಲ ಸಾಧಿಸಿದರೂ ಗುರುಗಳ ವರ್ಗಾವಣೆಯೆಂಬ ತೊಡಕು ಇದ್ದೇ ಇದೆ. ಇಬ್ಬರು ಫಾದರ್‌ಗಳ ಸ್ನೇಹದ ಮೇಲೆ ನಿಂತ ಏರ್ಪಾಡು ಒಬ್ಬರು ಪೆಟ್ಟಿಗೆ ಕಟ್ಟಿದ ದಿನವೇ ಸಡಿಲಾಗುತ್ತದೆ. ಪಾಲನಾ ಪರಿಷತ್ತಿಗೆ ಸಲಹೆ ಕೊಡುವ ಅಧಿಕಾರ ಮಾತ್ರ ಇದೆ, ಆದರೆ ಬರೆದಿಡಲು ಯಾರ ಅಡ್ಡಿಯೂ ಇಲ್ಲ. ಹಾಗಾಗಿ ಪೂಜೆಯ ವೇಳೆ, ವಾಚನಗಳ ಹಂಚಿಕೆ, ಶಿಲುಬೆ ಹಾದಿಯ ಜಾಗ ಎಲ್ಲವನ್ನೂ ಒಂದು ಹಾಳೆಗೆ ಇಳಿಸಿ ಎರಡೂ ಪರಿಷತ್ತಿನವರು ಸಹಿ ಹಾಕಿದರು. ಹೊಸ ಫಾದರ್ ಬಂದಾಗ ಆ ಹಾಳೆಯನ್ನು ಅವರ ಕೈಗಿಟ್ಟೆವು. ಅವರು ಪೂರ್ತಿ ಓದಿ, "ಕ್ರೂಸರ್ ಬಾಡಿಗೆ ಯಾರು ಕೊಡ್ತೀರಿ?" ಎಂದು ಕೇಳಿದರು. ಅದನ್ನು ಯಾರೂ ಬರೆದಿರಲಿಲ್ಲ. ಈಗ ಕೊನೆಯ ಸಾಲಿನಲ್ಲಿ ಅದೂ ಇದೆ: ಬಾಡಿಗೆ ಎರಡೂ ಕೇಂದ್ರಗಳಿಗೆ ಸಮಪಾಲು.