ಹಳೆಯ ಬಣ್ಣ ಬಿಡಿಸುವ ಮುನ್ನ

ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿ ನಿನ್ನ ಹೈಸ್ಕೂಲು ದಿನಗಳ ಪ್ಲಾಸ್ಟಿಕ್ ವಿಮಾನ ಸಿಕ್ಕಿತು ಅಂದೆಯಲ್ಲ, ಅದನ್ನು ಎಸೆಯಬೇಡ ಮಗೂ. ಬಣ್ಣ ಗಂಜಿಯಂತೆ ಮೆತ್ತಿಕೊಂಡಿದೆ, ಬ್ರಷ್ಷಿನ ಗೆರೆಗಳು ಉತ್ತ ಹೊಲದ ಹಾಗೆ ಕಾಣುತ್ತವೆ, ಒಪ್ಪಿದೆ. ಅದರ ಕೆಳಗಿನ ಪ್ಲಾಸ್ಟಿಕ್ ಮಾತ್ರ ಇನ್ನೂ ಗಟ್ಟಿಯಾಗಿಯೇ ಇದೆ.

ನನ್ನ ಬಳಿಯೂ ಅಂಥದೊಂದಿತ್ತು. ಏರ್‌ಫಿಕ್ಸ್ ಕಿಟ್ಟಿನ ಹಾಕರ್ ಹಂಟರ್, 1/72 ಅಳತೆಯದು. ಸುಮಾರು 14 ಮೀಟರ್ ಉದ್ದದ ವಿಮಾನ ಈ ಅಳತೆಯಲ್ಲಿ 19 ಸೆಂಟಿಮೀಟರಿಗೆ ಇಳಿಯುತ್ತದೆ. 1971ರ ಡಿಸೆಂಬರಿನಲ್ಲಿ ಲೊಂಗೇವಾಲಾದ ಮರಳಿನಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನು ತಡೆದದ್ದು ನಮ್ಮ ಹಂಟರ್‌ಗಳು. ಅಂಥ ವಿಮಾನಕ್ಕೆ ಹುಡುಗನಾಗಿದ್ದಾಗ ಕೈಗೆ ಸಿಕ್ಕ ಬೆಳ್ಳಿ ಬಣ್ಣವನ್ನು ಮೂರು ಪದರ ಬಳಿದಿದ್ದೆ. ಆಮೇಲೆ ಅದನ್ನು ತೆಗೆಯಲು ಹೊರಟಾಗ ಕಲಿತದ್ದನ್ನೇ ನಿನಗೆ ಹೇಳುತ್ತಿದ್ದೇನೆ.

ಮೊದಲು ನೇಲ್ ಪಾಲಿಶ್ ರಿಮೂವರ್, ಅಸಿಟೋನ್, ಎನ್‌ಸಿ ಥಿನ್ನರ್ ಈ ಮೂರನ್ನೂ ದೂರವಿಡು. ಈ ಕಿಟ್ಟುಗಳು ಬಹುಪಾಲು ಪಾಲಿಸ್ಟೈರೀನ್‌ನವು. ಭಾಗಗಳನ್ನು ಜೋಡಿಸುವ ಅಂಟು ನಿಜವಾಗಿ ಅಂಟುವುದಿಲ್ಲ, ಎರಡೂ ಅಂಚನ್ನು ಕರಗಿಸಿ ಬೆಸೆಯುತ್ತದೆ. ಅಸಿಟೋನ್ ಕೂಡ ಅದೇ ಕೆಲಸ ಮಾಡುತ್ತದೆ, ಆದರೆ ಇಡೀ ರೆಕ್ಕೆಗೆ. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡ ಹಾಗೆ. ಒಂದು ರೆಕ್ಕೆಯನ್ನು ಹೀಗೆ ಕಳೆದುಕೊಂಡವನು ನಾನು. ಮೆತ್ತಗಾದ ಆ ಪ್ಲಾಸ್ಟಿಕ್ ಮತ್ತೆ ಮೊದಲಿನ ರೂಪಕ್ಕೆ ಬರಲೇ ಇಲ್ಲ.

ಆಮೇಲೆ ಬಣ್ಣ ಯಾವುದು ಅಂತ ನೋಡು. ಟಮಿಯಾದಂಥ ಅಕ್ರಿಲಿಕ್ ಆಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಹತ್ತಿಯನ್ನು ಅದರಲ್ಲಿ ಅದ್ದಿ ಉಜ್ಜಿದರೆ ಬಣ್ಣ ಹತ್ತಿಗೆ ಬರುತ್ತದೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನ್ನೂ ಬೆರೆತಿರುತ್ತವೆ. ಹಂಬ್ರೋಲ್‌ನಂಥ ಎನಾಮಲ್ ಆಗಿದ್ದರೆ ತಾಳ್ಮೆ ಬೇಕು. ಎನಾಮಲ್ ಬರೀ ಒಣಗುವುದಲ್ಲ, ಗಾಳಿಯ ಆಮ್ಲಜನಕದೊಡನೆ ಸೇರಿ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತದೆ. ಹಸಿಯಿದ್ದಾಗ ಟರ್ಪೆಂಟೈನಿಗೆ ಬಗ್ಗಿದ ಬಣ್ಣ ಹತ್ತು ವರ್ಷದ ಮೇಲೆ ಅದಕ್ಕೆ ಜಗ್ಗುವುದಿಲ್ಲ. ಅಂಥದ್ದಕ್ಕೆ ಗ್ಯಾರೇಜಿನಲ್ಲಿ ಸಿಗುವ ಬ್ರೇಕ್ ಆಯಿಲ್ ಒಳ್ಳೆಯದು. ಡಾಟ್ 3 ಅಥವಾ ಡಾಟ್ 4 ಅಂತ ಕೇಳಿ ತಗೋ. ಡಾಟ್ 5 ಸಿಲಿಕೋನಿನದು, ಅದರಿಂದ ಬಣ್ಣ ಬಿಡುವುದಿಲ್ಲ. ಕಾರು ಮಾದರಿಗಳ ಬಂಪರಿನ ಕ್ರೋಮ್ ಹೊಳಪು ತೆಗೆಯಲು ಮಾತ್ರ ಮನೆಯ ಬ್ಲೀಚೇ ಸಾಕು. ಅದನ್ನು ಬೇರೆ ಯಾವ ದ್ರಾವಣದ ಜೊತೆಗೂ ಬೆರೆಸಬೇಡ.

ಏನೇ ಹಚ್ಚುವ ಮೊದಲು ಚಕ್ರದ ಗೂಡಿನೊಳಗೋ ಹೊಟ್ಟೆಯ ಕೆಳಗೋ ಒಂದು ಹನಿ ಹಾಕಿ ಕಾದು ನೋಡು. ಪ್ಲಾಸ್ಟಿಕ್ ಅಂಟಂಟಾಗದಿದ್ದರೆ ಮುಂದುವರಿ. ಬ್ರೇಕ್ ಆಯಿಲಿನಲ್ಲಿ ಮುಳುಗಿಸಿ ಗಂಟೆಗೊಮ್ಮೆ ಎತ್ತಿ ನೋಡು. ಬಣ್ಣ ಸುಕ್ಕುಗಟ್ಟಿ ಮೇಲೆದ್ದರೆ ಅಲ್ಲಿಗೆ ಸಾಕು. ವಾರಗಟ್ಟಲೆ ಬಿಟ್ಟರೆ ಕೆಲವು ಪ್ಲಾಸ್ಟಿಕ್ ಪೆಡಸಾಗಿ ಮುರಿಯುತ್ತದೆ. ಗಾಜಿನಂಥ ಮುಚ್ಚಿಗೆಯನ್ನು ಮೊದಲೇ ಬಿಡಿಸಿ ಪಕ್ಕಕ್ಕಿಡು. ಪಾರದರ್ಶಕ ಭಾಗಗಳಲ್ಲಿ ಕೂದಲೆಳೆಯ ಬಿರುಕು ಬೇಗ ಬರುತ್ತದೆ, ಬಂದರೆ ಹೋಗುವುದಿಲ್ಲ.

ಉಜ್ಜುವುದರಲ್ಲಿ ಇನ್ನೂ ನಾಜೂಕು ಬೇಕು. ಹಳೆಯ ಕಿಟ್ಟುಗಳ ಮೈಮೇಲೆ ಸಾಸಿವೆಗಿಂತ ಸಣ್ಣ ರಿವೆಟ್ಟುಗಳು ಉಬ್ಬಿರುತ್ತವೆ. ಬ್ಲೇಡು, ಸ್ಟೀಲ್ ನಾರು ಮುಟ್ಟಿಸಿದರೆ ಬಣ್ಣದ ಜೊತೆ ಅವೂ ಹೋಗುತ್ತವೆ. ಮೆದು ಟೂತ್‌ಬ್ರಷ್, ಸಂದಿಗೆ ಹಲ್ಲುಕಡ್ಡಿ, ಅಷ್ಟೇ. ಒಂದೇ ಸಲಕ್ಕೆ ಬರದಿದ್ದರೆ ಮತ್ತೆ ಮುಳುಗಿಸು. ನನ್ನ ಹಂಟರ್‌ಗೆ ಮೂರು ಸಲ ಬೇಕಾಯಿತು. ಎರಡನೆಯ ಸಲಕ್ಕೇ ಕೈ ಜೋರು ಮಾಡಿದ್ದರೆ ರೆಕ್ಕೆಯ ಗೆರೆಗಳೆಲ್ಲ ಅಳಿಸಿಹೋಗುತ್ತಿದ್ದವು. ಕೊನೆಗೆ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆ. ನೀರು ತಣ್ಣಗಿರಲಿ, ಬಿಸಿನೀರಿಗೆ ತೆಳುವಾದ ಭಾಗ ಸೊಟ್ಟಗಾಗುತ್ತದೆ. ನೆರಳಲ್ಲಿ ಒಂದು ದಿನ ಪೂರ್ತಿ ಒಣಗಲಿ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡ. ಕೈಗವಸು ಹಾಕು, ಕಿಟಕಿ ತೆಗೆದಿಡು, ಆಲ್ಕೊಹಾಲ್ ಹತ್ತಿರ ದೀಪ, ಬೆಂಕಿ ಯಾವುದೂ ಬೇಡ. ಬಳಸಿದ ಬ್ರೇಕ್ ಆಯಿಲನ್ನು ಸಿಂಕಿಗೆ ಸುರಿಯದೆ ಗ್ಯಾರೇಜಿಗೇ ಕೊಡು. ಅದನ್ನು ಉಪ್ಪಿನಕಾಯಿ ಜಾಡಿಯಲ್ಲಿ ತುಂಬಿಡುವವರನ್ನು ಕಂಡಿದ್ದೇನೆ. ನೋಡಲು ತೆಳು ಜೇನಿನಂತೆ, ಕುಡಿದರೆ ವಿಷ. ನಿನ್ನ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಜಾಡಿಯ ಮೇಲೆ ದೊಡ್ಡ ಅಕ್ಷರದಲ್ಲಿ ‘ವಿಷ’ ಅಂತ ಬರೆದು, ಬೀಗವಿರುವ ಕಪಾಟಿನಲ್ಲಿಟ್ಟು, ಆಮೇಲೆ ಕೆಲಸ ಶುರು ಮಾಡು.