ಕಿಲೋಮೀಟರು ಹೇಳದ ಹೊತ್ತು

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ ಎಂದರೆ ಸುಮಾರು 14,000 ಕಿಲೋಮೀಟರ್. ಈ ಅಂಕಿಯನ್ನು ವಿಮಾನದ ವೇಗದಿಂದ ಭಾಗಿಸಿ ಪ್ರಯಾಣದ ಹೊತ್ತು ಹೇಳುವ ಅಭ್ಯಾಸವನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಗಂಟೆಗೆ 900 ಕಿಲೋಮೀಟರ್ ಹಿಡಿದರೆ ಹದಿನೈದೂವರೆ ಗಂಟೆ ಬರುತ್ತದೆ. ಆದರೆ 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳ ತಂಡವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಧ್ರುವದ ಹಾದಿಯಲ್ಲಿ ತಂದಾಗ ಹಿಡಿದದ್ದು ಸುಮಾರು ಹದಿನೇಳು ಗಂಟೆ. 14,000 ಎಂಬುದು ಗ್ಲೋಬಿನ ಮೇಲೆ ದಾರ ಬಿಗಿದು ಅಳೆದ ಅತಿ ಹತ್ತಿರದ ದೂರ, ಅಷ್ಟೇ. ಎರಡೂ ಊರುಗಳು ರೇಖಾಂಶದಲ್ಲಿ 160 ಡಿಗ್ರಿ ದೂರವಿರುವುದರಿಂದ ಆ ದಾರ ಆರ್ಕ್‌ಟಿಕ್ ಕಡೆಗೆ ಏರುತ್ತದೆ. ಗೋಡೆಯ ನಕಾಶೆ ನಂಬಿದವರಿಗೆ ಪೆಸಿಫಿಕ್ ಸಾಗರವೇ ನೇರ ದಾರಿಯಾಗಿ ಕಾಣುತ್ತದೆ. ವಿಮಾನವಾದರೋ ದಾರದ ಮೇಲೆ ಹೋಗುವುದಿಲ್ಲ, ಗಾಳಿಯನ್ನೂ ದೇಶಗಳ ಅನುಮತಿಯನ್ನೂ ನೋಡಿಕೊಂಡು ಹೋಗುತ್ತದೆ.

ಗಾಳಿಯ ಮಾತಿಗೆ ಲಂಡನ್–ನ್ಯೂಯಾರ್ಕ್ ಒಳ್ಳೆಯ ಸಾಕ್ಷಿ. ಎರಡೂ ದಿಕ್ಕಿಗೆ ದೂರ ಒಂದೇ, ಸುಮಾರು 5,500 ಕಿಲೋಮೀಟರ್. ಆದರೂ ಪಶ್ಚಿಮಕ್ಕೆ ಹೋಗುವಾಗ ಸುಮಾರು ಒಂದು ಗಂಟೆ ಹೆಚ್ಚು ಬೇಕು. 2020ರ ಫೆಬ್ರವರಿಯ ಬಿರುಗಾಳಿಯ ಹೊತ್ತಿನಲ್ಲಿ ಒಂದು ವಿಮಾನ ನ್ಯೂಯಾರ್ಕಿನಿಂದ ಲಂಡನ್‌ಗೆ ಐದು ಗಂಟೆಯೊಳಗೇ ಬಂದಿಳಿಯಿತು. ಭೂಮಿ ತಿರುಗುವುದೇ ಇದಕ್ಕೆ ಕಾರಣ ಎನ್ನುವವರಿದ್ದಾರೆ. ವಾತಾವರಣವೂ ಭೂಮಿಯ ಜೊತೆಗೇ ತಿರುಗುತ್ತದಾದ್ದರಿಂದ ಆ ವಾದ ನಿಲ್ಲದು. ಕಾರಣ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹ. ಇನ್ನು ಅನುಮತಿ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತೂವರೆ ಗಂಟೆಯ ಹಾದಿ ಹದಿಮೂರರ ಹತ್ತಿರ ಬಂತು. ಊರುಗಳು ಒಂದಿಂಚೂ ಸರಿದಿರಲಿಲ್ಲ.

ಇಂಧನದ ಲೆಕ್ಕಕ್ಕಾದರೂ ದೂರ ಬೇಕಲ್ಲವೇ ಎಂದು ಕೇಳಬಹುದು. ಬೇಕು ನಿಜ, ಆದರೆ ಅಲ್ಲಿಯೂ ಆ ದಿನದ ಗಾಳಿಯನ್ನು ಲೆಕ್ಕಕ್ಕೆ ಹಿಡಿದೇ ಇಂಧನ ತುಂಬಿಸುತ್ತಾರೆ. ಇನ್ನೂ ಗಟ್ಟಿಯಾದ ಆಕ್ಷೇಪ, ನಡುವೆ ಇಳಿದು ಹೋಗುವ ದಾರಿ ಸುತ್ತು, ಅದಕ್ಕೇ ತಡ ಎನ್ನುವುದು. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದುಬೈ ಮೂಲಕ ಹೋದರೆ ಮೊದಲು ಸುಮಾರು 2,700, ಆಮೇಲೆ 13,000 ಕಿಲೋಮೀಟರ್. ಹೆಚ್ಚಾಗುವುದು 1,700 ಮಾತ್ರ, ಅಂದರೆ ಹಾರಾಟದಲ್ಲಿ ಎರಡು ಗಂಟೆ. ಉಳಿದ ತಡವೆಲ್ಲ ಮುಂದಿನ ವಿಮಾನಕ್ಕೆ ಕಾಯುವುದರಲ್ಲಿ ಹೋಗುತ್ತದೆ. ಅದು ಯಾವ ನಕಾಶೆಯಲ್ಲೂ ಇಲ್ಲ, ದೇವನಹಳ್ಳಿಯ ವಿಮಾನ ನಿಲ್ದಾಣ ತಲುಪುವ ಮುನ್ನ ಹೆಬ್ಬಾಳದ ವಾಹನದಟ್ಟಣೆಯಲ್ಲಿ ನಿಂತ ಹೊತ್ತು ಇಲ್ಲದ ಹಾಗೆ.

ಆದ್ದರಿಂದ ಟಿಕೆಟ್ ತೆಗೆಯುವಾಗ ಕಿಲೋಮೀಟರ್ ಬಿಟ್ಟು ಹೊರಡುವ, ತಲುಪುವ ಸಮಯಗಳನ್ನೇ ನೋಡಿ. ಎರಡೂ ಆಯಾ ಊರಿನ ಗಡಿಯಾರದವು; ಏರ್ ಇಂಡಿಯಾದ ಆ ಮೊದಲ ನೇರ ವಿಮಾನವೂ ಜನವರಿ 9ರ ರಾತ್ರಿ ಹೊರಟು ಇಲ್ಲಿ ಇಳಿದದ್ದು 11ರ ಬೆಳಗಿನ ಜಾವ. ಎರಡೂ ಊರುಗಳ ಗಡಿಯಾರಗಳ ನಡುವಿನ ವ್ಯತ್ಯಾಸ ಸ್ಯಾನ್ ಫ್ರಾನ್ಸಿಸ್ಕೋದ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ.