ಮೊದಲು ಚಿಟ್ಟಾಗೆ ಹಾಕು

ಚಿಂತಾಮಣಿ,
ಭಾನುವಾರ ಸಂಜೆ

ಚಿ|| ಮೊಮ್ಮಗಳಿಗೆ ತಾತನ ಆಶೀರ್ವಾದಗಳು.

ಅಜ್ಜಿಯ ಮಂಡಿನೋವು ಸ್ವಲ್ಪ ಇಳಿದಿದೆ. ಈಗ ಹೇಳಹೊರಟ ಮಾತನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಆಯ್ತು ತಾತ’ ಅಂದುಬಿಡುತ್ತೀಯ, ಅಲ್ಲಿಗೆ ಮಾತು ಮುಗಿದುಹೋಗುತ್ತದೆ. ಕಾಗದವಾದರೆ ಇನ್ನೊಂದು ಸಲ ಓದುತ್ತೀಯ ಅನ್ನುವ ಆಸೆಯಿಂದ ಬರೆಯುತ್ತಿದ್ದೇನೆ.

ಹೋದ ವಾರ ನಿನ್ನ ರೇಷ್ಮೆ ಹುಳುಮನೆಯಲ್ಲಿ ನಾಲ್ಕು ದಿನ ಇದ್ದೆನಲ್ಲ, ಹುಳು ಆಗ ಪೊರೆ ಕಳಚಿ ನಾಲ್ಕನೇ ಜ್ವರ ಎದ್ದಿತ್ತು. ಹುಳು ಹುಟ್ಟಿನಿಂದ ಗೂಡಿನವರೆಗೆ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚನ್ನು ಈ ಕೊನೆಯ ಏಳೆಂಟು ದಿನದಲ್ಲೇ ತಿನ್ನುತ್ತದೆ. ಕತ್ತಲಿರುವಾಗಲೇ ಎದ್ದು, ಸೊಪ್ಪು ಹರಡಿ, ಹಾಸಿಗೆಗೆ ಸುಣ್ಣ ಚೆಲ್ಲಿ, ಮತ್ತೆ ತೋಟಕ್ಕೆ ಓಡುತ್ತಿದ್ದ ನಿನ್ನನ್ನು ನೋಡಿ ನನಗೆ ಹೆಮ್ಮೆಯಾಯಿತು. ಕುರುಬೂರಿನ ರೇಷ್ಮೆ ಕಾಲೇಜಿನಲ್ಲಿ ಓದಿ ಬೆಂಗಳೂರಿನ ಬಸ್ಸು ಹತ್ತದೆ ಊರಿಗೇ ಬಂದವಳು ನೀನು. ಅದು ಸಣ್ಣ ಮಾತಲ್ಲ.

ಎರಡನೇ ದಿನ ಮಧ್ಯಾಹ್ನದ ಆ ಗಳಿಗೆ ನಿನಗೆ ನೆನಪಿದೆಯೋ ಇಲ್ಲವೋ. ಪಕ್ಕದ ತೋಟದವರು ಬಾಗಿಲಲ್ಲೇ ನಿಂತು, ‘ಚಾಕಿಯ ಮರಿಹುಳುವಿಗೆ ಹೆಸರು ಕೊಡಮ್ಮ, ನಾಳೆ ಸಂಜೆಗೆ ಮುಗಿದುಹೋಗುತ್ತೆ’ ಅಂದರು. ನೀನು ಕೈ ಒರೆಸಿಕೊಂಡು ಫೋನು ತೆಗೆದೆ. ಕೆಲಸದ ಪಟ್ಟಿಯ ಆಪ್ ತೆರೆದೆ. ಇದನ್ನು ‘ಹುಳುಮನೆ’ ಪಟ್ಟಿಗೆ ಹಾಕುವುದೋ ‘ಖರ್ಚು’ ಪಟ್ಟಿಗೋ ಅಂತ ಒಂದು ಕ್ಷಣ ಯೋಚಿಸಿದೆ. ತಾರೀಖು ಆರಿಸಿದೆ, ಬಣ್ಣ ಆರಿಸಿದೆ, ಬಾವುಟದಂಥ ಗುರುತು ಹಾಕಿದೆ. ಬರೆಯಬೇಕಾದ ಮಾತು ಮಾತ್ರ ಇನ್ನೂ ಬರೆದಿರಲಿಲ್ಲ. ಅಷ್ಟರಲ್ಲಿ ಸೊಪ್ಪಿನ ಟ್ರ್ಯಾಕ್ಟರ್ ಬಂತು, ಫೋನು ಜೇಬಿಗೆ ಹೋಯಿತು. ನಾನು ಅಲ್ಲೇ ಜಗಲಿಯ ಮೇಲೆ ಕೂತಿದ್ದೆ. ನೀನು ಬರೆದುಕೊಂಡೆ ಅಂತಲೇ ತಿಳಿದೆ.

ಮೊನ್ನೆ ನಿನ್ನ ಅಮ್ಮ ಹೇಳಿದಳು, ಚಾಕಿ ಸಿಗಲಿಲ್ಲವಂತೆ, ಇನ್ನು ಮುಂದಿನ ಸರದಿಯೇ ಗತಿಯಂತೆ. ಅಲ್ಲಿಯವರೆಗೆ ತೋಟದಲ್ಲಿ ಸೊಪ್ಪು ಬಲಿಯುತ್ತದೆ, ಕೆಳಗಿನ ಎಲೆ ಹಳದಿಯಾಗಿ ಉದುರುತ್ತದೆ. ನಿನ್ನನ್ನು ಬೈಯಲು ಈ ಕಾಗದ ಬರೆಯುತ್ತಿಲ್ಲ ಮಗಳೇ. ಇದೇ ತಪ್ಪನ್ನು ನಾನು ಮಾಡಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ.

ನನಗೆ ಆಗ ಇಪ್ಪತ್ತು ತುಂಬಿರಲಿಲ್ಲ. ಇಲ್ಲೇ ಪೇಟೆಯ ಒಂದು ಕಡಲೆಕಾಯಿ ಮಂಡಿಯಲ್ಲಿ ಗುಮಾಸ್ತನಾಗಿ ಸೇರಿ ಎರಡು ತಿಂಗಳಾಗಿತ್ತು. ಸುಗ್ಗಿಯ ಕಾಲ, ಗಾಡಿಗಳ ಸಾಲು ರಸ್ತೆಯವರೆಗೆ. ಒಬ್ಬ ರೈತ ಹನ್ನೆರಡು ಮೂಟೆ ಇಳಿಸಿ ಬಸ್ಸಿಗೆ ಹೊರಟವನು ತಿರುಗಿ ನೋಡಿ, ‘ಅದರಲ್ಲಿ ಎರಡು ಬಿತ್ತನೆಗೆ ಎತ್ತಿಡಪ್ಪ’ ಅಂದ. ತಲೆಯಾಡಿಸಿದೆ. ಅವನ ಖಾತೆಯ ಪುಟದಲ್ಲೇ ನೀಟಾಗಿ ಬರೆಯೋಣ ಅಂತ ಖಾತೆ ಪುಸ್ತಕ ತರಲು ಒಳಗೆ ಹೋದೆ. ಪುಸ್ತಕ ಸಾಹುಕಾರರ ಮೇಜಿನ ಮೇಲಿತ್ತು, ಅವರು ಯಾರದೋ ಲೆಕ್ಕ ನೋಡುತ್ತಿದ್ದರು. ಕಾದೆ. ಹೊರಗೆ ಇನ್ನೊಂದು ಗಾಡಿ ಬಂತು, ತೂಕಕ್ಕೆ ಕರೆದರು, ಹೋದೆ. ಆ ಎರಡು ಮೂಟೆಯೂ ಉಳಿದ ಹತ್ತರ ಜೊತೆ ಎಣ್ಣೆ ಗಾಣಕ್ಕೆ ಹೋದವು.

ಮುಂದಿನ ಆಷಾಢದಲ್ಲಿ ಮಳೆ ಬಿದ್ದ ಮಾರನೇ ದಿನ ಅವನು ಬೀಜಕ್ಕೆ ಬಂದ. ಬೀಜ ಇಲ್ಲ ಅಂದಾಗ ಕೂಗಾಡಲಿಲ್ಲ. ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದ. ಆ ಬೆನ್ನು ಈಗಲೂ ನನ್ನ ಕಣ್ಣ ಮುಂದಿದೆ. ನಮ್ಮದು ಮಳೆಯನ್ನೇ ನಂಬಿದ ಸೀಮೆ, ಹದ ತಪ್ಪಿದರೆ ಆ ವರ್ಷವೇ ತಪ್ಪಿದ ಹಾಗೆ.

ಅವತ್ತು ಸಂಜೆ ಹಿರಿಯ ಗುಮಾಸ್ತರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಒಂದೇ ಮಾತು: ‘ಖಾತೆ ಹುಡುಕಿಕೊಂಡು ಹೋಗಬೇಡ, ಮೊದಲು ಚಿಟ್ಟಾಗೆ ಹಾಕು.’ ಮಂಡಿಯಲ್ಲಿ ಪುಸ್ತಕ ಮೂರು ಇರುತ್ತಿದ್ದವು. ಕೈಗೆ ಸಿಕ್ಕಿದ್ದನ್ನು ಸಿಕ್ಕ ಹಾಗೆ ಗೀಚುವ ಕಚ್ಚಾ ಚಿಟ್ಟಾ. ಸಂಜೆ ಅದನ್ನು ನೋಡಿ ದಿನದ ಲೆಕ್ಕ ಬರೆಯುವ ಕಿರ್ದಿ. ಅಲ್ಲಿಂದ ಒಬ್ಬೊಬ್ಬರ ಹೆಸರಿಗೆ ಹಂಚುವ ಖಾತೆ. ಚಿಟ್ಟಾ ಯಾವಾಗಲೂ ತೊಡೆಯ ಪಕ್ಕದಲ್ಲೇ ಇರಬೇಕು, ಬರೆಯುವ ಕಡ್ಡಿ ಕಿವಿಯ ಮೇಲೆ. ಅದರಲ್ಲಿ ಅಕ್ಷರ ಸೊಟ್ಟಗಾದರೂ ಯಾರೂ ಕೇಳುವವರಿಲ್ಲ, ಏಕೆಂದರೆ ಅದನ್ನು ಓದಬೇಕಾದವನು ಬರೆದವನೊಬ್ಬನೇ, ಅದೂ ಅವತ್ತಿನ ಸಂಜೆಯೇ.

ಬೇಕಾದರೆ ಇವತ್ತಿಗೂ ನಮ್ಮ ಎಪಿಎಂಸಿಯ ಟೊಮೆಟೊ ಹರಾಜಿಗೆ ಹೋಗಿ ನೋಡು. ಕೂಗುವವನ ಬೆನ್ನಿಗೇ ಚೀಟಿ ಪುಸ್ತಕ ಹಿಡಿದ ಹುಡುಗನೊಬ್ಬ ನಡೆಯುತ್ತಾನೆ. ಎಷ್ಟು ಬಾಕ್ಸು, ಏನು ದರ, ಕೊಂಡವರು ಯಾರು, ಇಷ್ಟೇ ಬರೆಯುತ್ತಾನೆ. ಉಳಿದ ಲೆಕ್ಕವೆಲ್ಲ ಹರಾಜು ಮುಗಿದ ಮೇಲೆ, ಮಂಡಿಯೊಳಗೆ ಕೂತು. ಹರಾಜಿನ ಸಾಲಿನಲ್ಲೇ ನಿಂತು ಅವನು ಕಮಿಷನ್ ಗುಣಿಸತೊಡಗಿದರೆ ಮುಂದಿನ ರಾಶಿಯ ದರ ಅವನ ಕಿವಿಗೇ ಬೀಳುವುದಿಲ್ಲ.

ಹೀಗೆ ಮೊದಲು ಗೀಚಿಟ್ಟುಕೊಳ್ಳುವುದು ನಮ್ಮಲ್ಲಿ ಬಹಳ ಹಳೆಯ ವಿದ್ಯೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು, ಬೇಡವಾದದ್ದನ್ನು ಒರೆಸಿ ಅಲ್ಲೇ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದ ಹಳೆಯ ಲೆಕ್ಕಪತ್ರಗಳು ಇಂಥ ಕಡತಗಳಲ್ಲೇ ಉಳಿದು ಬಂದಿವೆ. ಸರ್ಕಾರಿ ಕಚೇರಿಯಲ್ಲಿ ಇವತ್ತು ಫೈಲಿಗೆ ಕಡತ ಅನ್ನುತ್ತೇವಲ್ಲ, ಅದು ಆ ಕಪ್ಪು ಬಟ್ಟೆಯ ಹೆಸರು. ಇನ್ನು ಓದುಬರಹ ಬಾರದ ನಮ್ಮ ಅವ್ವ ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಳ್ಳುತ್ತಿದ್ದಳು. ಯಾವ ಕೆಲಸ ಅಂತ ಗಂಟು ಹೇಳುತ್ತಿರಲಿಲ್ಲ, ಏನೋ ಒಂದಿದೆ ಅಂತ ಮಾತ್ರ ಹೇಳುತ್ತಿತ್ತು. ರಾತ್ರಿ ಗಂಟು ಬಿಚ್ಚುವಾಗ ಅವಳಿಗೆ ಎಲ್ಲ ನೆನಪಾಗುತ್ತಿತ್ತು. ಒಂದು ಗಂಟು ಹಾಕಲು ಎಷ್ಟು ಹೊತ್ತು ಬೇಕು, ನೀನೇ ಹೇಳು. ಆ ಹೊತ್ತಿಗಿಂತ ಹೆಚ್ಚು ತೆಗೆದುಕೊಳ್ಳುವ ಯಾವ ಸಾಧನವೂ ಹುಳುಮನೆಗೆ ಆಗಿಬರುವುದಿಲ್ಲ ಅನ್ನುವುದು ನನ್ನ ತೀರ್ಮಾನ.

ನಿನ್ನ ಆಪನ್ನು ತೆಗೆದುಹಾಕು ಅಂತ ನಾನು ಹೇಳುವುದಿಲ್ಲ. ಹೋದ ದೀಪಾವಳಿಗೆ ನೀನೇ ನನ್ನ ಫೋನಿಗೂ ಹಾಕಿಕೊಟ್ಟೆ, ಅಂದಿನಿಂದ ಔಷಧಿ ಅಂಗಡಿಯ ಚೀಟಿ ನಾನು ಕಳೆದುಕೊಂಡಿಲ್ಲ. ಬಳಸುವ ಕ್ರಮವನ್ನು ಮಾತ್ರ ತಿರುಗಿಸು. ಅದರಲ್ಲಿ ‘ಚಿಟ್ಟಾ’ ಅಂತ ಒಂದು ಪಟ್ಟಿ ಮಾಡು. ಯಾವುದೇ ಹೊಸ ಕೆಲಸ ಕಿವಿಗೆ ಬಿದ್ದರೂ ಮೊದಲು ಅಲ್ಲಿಗೇ ಹೋಗಲಿ, ಅದು ಹುಳುವಿನದೋ ಮನೆಯದೋ ಬ್ಯಾಂಕಿನದೋ ಅಂತ ಆಗ ಕೇಳಬೇಡ. ಗೂಗಲ್ ಟಾಸ್ಕ್ಸ್, ಗೂಗಲ್ ಕೀಪ್, ಮೈಕ್ರೋಸಾಫ್ಟ್ ಟು ಡೂ, ಟುಡೂಯಿಸ್ಟ್, ಯಾವುದೇ ಇರಲಿ, ಫೋನಿನ ಮೊದಲ ಪರದೆಯ ಮೇಲೇ ಅದರ ವಿಜೆಟ್ ಕೂರಿಸಬಹುದು. ಅದನ್ನು ಹೆಬ್ಬೆರಳು ತಾನಾಗಿ ಹೋಗುವ ಜಾಗದಲ್ಲಿ ಇಟ್ಟುಕೋ. ಒತ್ತಿದೊಡನೆ ಬರೆಯುವ ಜಾಗ ತೆರೆಯಬೇಕು.

ಕೈಗೆ ಸೊಪ್ಪಿನ ಹಾಲು ಮೆತ್ತಿರುವಾಗ ಟೈಪು ಮಾಡಲು ಹೋಗಬೇಡ, ಮೈಕ್ ಒತ್ತಿ ಮಾತಾಡು. ಕೀಲಿಮಣೆಗೆ ಈಗ ಕನ್ನಡ ಕೇಳಿಸಿಕೊಂಡು ಬರೆಯುವುದು ಗೊತ್ತು. ನಮ್ಮ ಕಡೆಯ ಮಾತು ಅರ್ಧ ತೆಲುಗು ಅರ್ಧ ಕನ್ನಡ, ಒಂದೊಂದು ಸಲ ಅದು ತಪ್ಪಾಗಿ ಬರೆಯುತ್ತದೆ. ಬರೆಯಲಿ ಬಿಡು, ತಿದ್ದುತ್ತಾ ನಿಲ್ಲಬೇಡ. ಒಂದು ಎಚ್ಚರ ಮಾತ್ರ ಬೇಕು: ಬರೀ ‘ಚಾಕಿ’ ಅಂತ ಹಾಕಿದರೆ ಸಂಜೆಗೆ ಅದು ಏನು ಅಂತ ನಿನಗೇ ತಿಳಿಯದು. ‘ಚಾಕಿಗೆ ಹೆಸರು ಕೊಡು, ನಾಳೆ ಸಂಜೆಯೊಳಗೆ’ ಅನ್ನು. ಏನು ಮಾಡಬೇಕು, ಗಡುವು ಇದ್ದರೆ ಯಾವಾಗ, ಅಷ್ಟು ಸಾಕು. ಬಣ್ಣ, ಗುರುತು, ಬಾವುಟ ಎಲ್ಲವೂ ಖಾತೆಯ ಕೆಲಸ.

ಆ ಖಾತೆಯ ಕೆಲಸವನ್ನು ಬಿಡಬೇಡ ಅಂತಲೂ ಅಷ್ಟೇ ಒತ್ತಿ ಹೇಳುತ್ತೇನೆ. ಕಿರ್ದಿಗೆ ಏರದ ಚಿಟ್ಟಾ ರದ್ದಿ ಕಾಗದ. ರಾತ್ರಿ ಸೊಪ್ಪು ಹಾಕಿ ಬಂದು ಕೈತೊಳೆದ ಮೇಲೆ ಹತ್ತು ನಿಮಿಷ ಕೂರು. ಒಂದೊಂದು ಸಾಲನ್ನೂ ಅದರದರ ಪಟ್ಟಿಗೆ ಕಳಿಸು, ತಾರೀಖು ಹಾಕು, ಬೇಡವಾದದ್ದನ್ನು ಅಳಿಸು. ಮಲಗುವ ಮುಂಚೆ ಚಿಟ್ಟಾ ಖಾಲಿಯಾಗಬೇಕು. ಡೇವಿಡ್ ಅಲೆನ್ ಅನ್ನುವ ಅಮೆರಿಕದವರು 2001ರಲ್ಲಿ ಬರೆದ ‘ಗೆಟಿಂಗ್ ಥಿಂಗ್ಸ್ ಡನ್’ ಪುಸ್ತಕವನ್ನು ನಿನ್ನ ಅಣ್ಣ ನನಗೆ ಓದಿ ಅರ್ಥ ಹೇಳಿದ. ಕೆಲಸಗಳನ್ನು ಕಲೆಹಾಕುವ ಹೊತ್ತೇ ಬೇರೆ, ಅವನ್ನು ವಿಂಗಡಿಸುವ ಹೊತ್ತೇ ಬೇರೆ, ಎರಡನ್ನೂ ಬೆರೆಸಬೇಡಿ ಅನ್ನುತ್ತಾರಂತೆ ಅವರೂ. ಕೇಳಿ ನನಗೆ ನಮ್ಮ ಹಿರಿಯ ಗುಮಾಸ್ತರೇ ಎದುರು ಬಂದು ಕೂತಂತಾಯಿತು.

‘ತಲೆಯಲ್ಲಿರುತ್ತೆ ಬಿಡಿ ತಾತ’ ಅಂತ ನೀನು ಅನ್ನಬಹುದು. ನಿನ್ನ ತಲೆ ಚುರುಕು, ಗೊತ್ತು. ಆದರೆ ಹುಳುವಿಗೆ ಜ್ವರ ಏಳುವ ಲಕ್ಷಣ ನೋಡುವುದಕ್ಕೆ, ಸೊಪ್ಪಿನ ತೇವ ಅಳೆಯುವುದಕ್ಕೆ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ದರ ಬಂದಾಗ ಕೊಡುವುದೋ ತಡೆಯುವುದೋ ತೀರ್ಮಾನಿಸುವುದಕ್ಕೆ ಆ ತಲೆ ಬೇಕು. ಚಾಕಿಯ ತಾರೀಖು ಹೊತ್ತು ತಿರುಗುವ ಕೂಲಿಕೆಲಸವನ್ನು ಅದಕ್ಕೆ ಕೊಡಬೇಡ.

ಗುರುಪೂರ್ಣಿಮೆಗೆ ಎಲ್ಲರೂ ಕೈವಾರಕ್ಕೆ ಹೋಗೋಣ ಅಂದುಕೊಂಡಿದ್ದೇವೆ, ಒಂದು ರಾತ್ರಿಯಾದರೂ ಕೂತು ಅಲ್ಲಿನ ಉತ್ಸವದ ಸಂಗೀತ ಕೇಳಬೇಕು ಅಂತ ಅಜ್ಜಿಯ ಆಸೆ. ನೀನೂ ಬಾ. ಮುಂದಿನ ಸರದಿಯ ಚಾಕಿಗೆ ಹೆಸರು ಕೊಡಲು ಬರುವ ಗುರುವಾರವೇ ಕೊನೆ ಅಂತ ನಿನ್ನ ಅಮ್ಮ ಹೇಳಿದಳು. ಈ ಕಾಗದ ಕೆಳಗಿಡುವ ಮೊದಲು ಅದನ್ನು ಚಿಟ್ಟಾಗೆ ಹಾಕು.

ಇಂತಿ ನಿನ್ನ ಪ್ರೀತಿಯ,
ತಾತ